ತಗ್ಗಿದ ದನಿಯ ಹಿಪ್ ಹಾಪ್: ಎ ಟ್ರೈಬ್ ಕಾಲ್ಡ್ ಕ್ವೆಸ್ಟ್

ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ನ್ಯೂಯಾರ್ಕ್ ನಗರದ ಕ್ವೀನ್ಸ್ ಪ್ರದೇಶದಲ್ಲಿ 1985ರಲ್ಲಿ ರೂಪುಗೊಂಡ ಹಿಪ್ ಹಾಪ್ ತಂಡ. ರ‍್ಯಾಪರ್‌ಗಳಾದ ಕ್ಯೂ-ಟಿಪ್ ಮತ್ತು ಫೈಫ್ ಡಾಗ್, ಡಿಜೆ ಅಲಿ ಶಹೀದ್ ಮುಹಮ್ಮದ್, ಇವರ ಗೆಳೆಯ ಜರೋಬಿ ವೈಟ್, ಈ ನಾಲ್ವರೇ ತಂಡ. 1990ರಿಂದ 1998ರೊಳಗೆ ಐದು ಆಲ್ಬಂಗಳನ್ನು ಹೊರತಂದು ಚದುರಿಹೋದ ಇವರು ಹದಿನೆಂಟು ವರ್ಷಗಳ ನಂತರ ಆರನೆಯದೂ ಕೊನೆಯದೂ ಆದ ಆಲ್ಬಂ ಕೊಟ್ಟರು. ಆಲ್ಟರ್ನೇಟಿವ್ ಹಿಪ್ ಹಾಪ್‌ನ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಹೆಸರುಗಳಲ್ಲಿ ಇದೊಂದು. ಆ ಪ್ರಕಾರಕ್ಕೆ ಕಟ್ಟುನಿಟ್ಟಾದ ಲಕ್ಷಣಗಳಿಲ್ಲ. ತಮ್ಮ ಕಾಲದ ಜನಪ್ರಿಯ ರ‍್ಯಾಪ್ ಹಿಡಿದ ಹಾದಿಯನ್ನು ಬಿಟ್ಟು, ಬೇರೆ ಸಂಗೀತಗಳನ್ನೂ ಬೇರೆ ವಿಷಯಗಳನ್ನೂ ಹುಡುಕಿ ಹೋದವರೆಲ್ಲ ಅದರೊಳಗೆ ಬರುತ್ತಾರೆ. ಈ ತಂಡದ ವಿಶೇಷ ಇದ್ದದ್ದು ಕಿವಿಯಲ್ಲಿ. ಹಿಂದಿನ ತಲೆಮಾರಿನ ಜಾಝ್ ತಟ್ಟೆಗಳನ್ನು ಮನಸ್ಸಿಟ್ಟು ಕೇಳಿ ಅವುಗಳಿಂದ ಹೊಸ ಹಾಡು ಕಟ್ಟಿದರು. ಒಬ್ಬ ಹಾಡುವಾಗ ಇನ್ನೊಬ್ಬ ಕೇಳಿಸಿಕೊಂಡು ಮರುಮಾತು ಜೋಡಿಸಿದರು. ತಂಡದ ಏಳುಬೀಳುಗಳೂ ಈ ಕೇಳುವ ಗುಣದ ಜೊತೆಜೊತೆಗೇ ಸಾಗಿದವು.

ಹಿಪ್ ಹಾಪ್ ಹುಟ್ಟಿದ್ದು ನ್ಯೂಯಾರ್ಕ್‌ನದೇ ಇನ್ನೊಂದು ಭಾಗವಾದ ಬ್ರಾಂಕ್ಸ್‌ನಲ್ಲಿ. 1973ರ ಆಗಸ್ಟ್‌ನಲ್ಲಿ ಅಲ್ಲಿನ ಒಂದು ವಸತಿ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಸಂತೋಷಕೂಟವನ್ನು ಅದರ ಆರಂಭವೆಂದು ಗುರುತಿಸುವುದು ವಾಡಿಕೆ. ಹಾಡಿನಲ್ಲಿ ಡ್ರಮ್ ಮಾತ್ರ ನುಡಿಯುವ ಸಣ್ಣ ಭಾಗವನ್ನು ಎರಡು ತಟ್ಟೆಗಳ ಮೇಲೆ ಮತ್ತೆ ಮತ್ತೆ ನುಡಿಸಿ ಅವನು ಕುಣಿಯುವವರಿಗೆ ಬಿಡುವಿಲ್ಲದ ಲಯ ಒದಗಿಸಿದ. ಆ ಲಯದ ಮೇಲೆ ಪ್ರಾಸಬದ್ಧವಾಗಿ ಮಾತಾಡುವುದು ಮುಂದೆ ರ‍್ಯಾಪ್ ಆಗಿ ಬೆಳೆಯಿತು. ಎಂಬತ್ತರ ದಶಕದ ಕೊನೆಗೆ ಬರುವ ಹೊತ್ತಿಗೆ ಈ ಕಲೆಯ ದನಿ ಬಹಳ ಏರಿತ್ತು. ನ್ಯೂಯಾರ್ಕ್‌ನ ಪಬ್ಲಿಕ್ ಎನಿಮಿ ತಂಡದ ರಾಜಕೀಯ ಗರ್ಜನೆ, ಕ್ಯಾಲಿಫೋರ್ನಿಯಾದ ಎನ್.ಡಬ್ಲ್ಯು.ಎ. ತಂಡದ ಬೀದಿ ಹಿಂಸೆಯ ಚಿತ್ರಗಳು ಕೇಳುಗರನ್ನು ಬೆಚ್ಚಿಬೀಳಿಸುತ್ತಿದ್ದವು. ರ‍್ಯಾಪರ್ ಎಂದರೆ ಎದೆ ಸೆಟೆಸಿ ಗದರಿಸುವವನು ಎಂಬ ಚಿತ್ರ ಆ ಹೊತ್ತಿಗೆ ಜನರ ಮನಸ್ಸಿನಲ್ಲಿ ನಿಂತಿತ್ತು.

ಕ್ಯೂ-ಟಿಪ್ ಮತ್ತು ಫೈಫ್ ಬೆಳೆದ ಸೇಂಟ್ ಆಲ್ಬನ್ಸ್ ಬಡಾವಣೆಗೆ ಬೇರೆಯದೇ ಚರಿತ್ರೆಯಿತ್ತು. ಸ್ವಂತ ಮನೆ, ಮನೆಮುಂದೆ ಹುಲ್ಲಿನ ಅಂಗಳ ಇರುವ ಮಧ್ಯಮವರ್ಗದ ಕಪ್ಪು ಕುಟುಂಬಗಳು ಅಲ್ಲಿ ನೆಲೆಸಿದ್ದವು. ಹಿಂದಿನ ದಶಕಗಳಲ್ಲಿ ಕೌಂಟ್ ಬೇಸಿ, ಎಲಾ ಫಿಟ್ಜ್‌ಜೆರಾಲ್ಡ್, ಫ್ಯಾಟ್ಸ್ ವಾಲರ್, ಜಾನ್ ಕೋಲ್ಟ್ರೇನ್ ಅವರಂಥ ಜಾಝ್ ದಿಗ್ಗಜರು ಇದೇ ಬಡಾವಣೆಯ ನಿವಾಸಿಗಳಾಗಿದ್ದರು. ಹಾಗಾಗಿ ಈ ಹುಡುಗರಿಗೆ ಜಾಝ್ ಪುಸ್ತಕದಿಂದ ಕಲಿತ ವಿದ್ಯೆಯಾಗಿರಲಿಲ್ಲ. ಕ್ಯೂ-ಟಿಪ್‌ನ ತಂದೆಯ ಬಳಿ ಜಾಝ್ ತಟ್ಟೆಗಳ ಒಳ್ಳೆಯ ಸಂಗ್ರಹವಿತ್ತು, ಮಗ ಅದನ್ನು ಕೇಳುತ್ತಲೇ ದೊಡ್ಡವನಾದ. ಫೈಫ್‌ನದು ಕೆರಿಬಿಯನ್ನಿನ ಟ್ರಿನಿಡಾಡ್ ಮೂಲದ ಮನೆತನ. ತಾಯಿ ಶೆರಿಲ್ ಬಾಯ್ಸ್-ಟೇಲರ್ ಕವಯಿತ್ರಿ. ಅವನ ಉಚ್ಚಾರದಲ್ಲಿ ಆಗಾಗ ಇಣುಕುವ ಕೆರಿಬಿಯನ್ ರಾಗ ಅಲ್ಲಿಂದ ಬಂದದ್ದು.

ಕ್ಯೂ-ಟಿಪ್‌ನ ಹುಟ್ಟುಹೆಸರು ಜೊನಾಥನ್ ಡೇವಿಸ್. ಇಸ್ಲಾಂ ಸ್ವೀಕರಿಸಿದ ನಂತರ ಕಮಾಲ್ ಫರೀದ್. ಫೈಫ್‌ನ ನಿಜನಾಮ ಮಲಿಕ್ ಟೇಲರ್. ಇಬ್ಬರೂ ಹುಟ್ಟಿದ್ದು 1970ರಲ್ಲಿ, ಎಳವೆಯಿಂದಲೇ ಜೊತೆಗಾರರು. ಮ್ಯಾನ್‌ಹಟನ್‌ನ ಮರಿ ಬರ್ಗ್‌ಟ್ರಾಮ್ ಪ್ರೌಢಶಾಲೆಗೆ ಸೇರಿದಾಗ ಕ್ಯೂ-ಟಿಪ್‌ಗೆ ಅಲಿ ಶಹೀದ್ ಮುಹಮ್ಮದ್ ಸಿಕ್ಕಿದ. ಬ್ರೂಕ್ಲಿನ್‌ನ ಮುಸ್ಲಿಂ ಕುಟುಂಬದಿಂದ ಬಂದ ಅಲಿ ಆಗಲೇ ತಟ್ಟೆ ತಿರುಗಿಸುವುದರಲ್ಲಿ ಪಳಗಿದ್ದ. ಅದೇ ಶಾಲೆಯಲ್ಲಿ ಜಂಗಲ್ ಬ್ರದರ್ಸ್ ತಂಡದ ಹುಡುಗರೂ ಓದುತ್ತಿದ್ದರು. ಮೊದಲು ಬರೀ ಕ್ವೆಸ್ಟ್ ಎಂದಿದ್ದ ಗೆಳೆಯರ ಗುಂಪಿಗೆ 1988ರಲ್ಲಿ ಈಗಿನ ಉದ್ದ ಹೆಸರನ್ನು ಕೊಟ್ಟವನು ಜಂಗಲ್ ಬ್ರದರ್ಸ್‌ನ ಆಫ್ರಿಕಾ ಬೇಬಿ ಬ್ಯಾಮ್.

ಈ ಎರಡು ತಂಡಗಳು, ಲಾಂಗ್ ಐಲೆಂಡ್‌ನ ಡಿ ಲಾ ಸೋಲ್, ರ‍್ಯಾಪ್ ಗಾಯಕಿಯರಾದ ಕ್ವೀನ್ ಲತೀಫಾ ಮತ್ತು ಮೋನಿ ಲವ್ ಸೇರಿ ನೇಟಿವ್ ಟಂಗ್ಸ್ ಎಂಬ ಬಳಗ ಕಟ್ಟಿಕೊಂಡರು. ಅದು ನೋಂದಾಯಿತ ಸಂಸ್ಥೆಯಲ್ಲ, ಗೆಳೆತನದ ಕೂಟ. ಒಬ್ಬರ ರೆಕಾರ್ಡಿಂಗ್ ನಡೆಯುವಾಗ ಉಳಿದವರು ಸ್ಟುಡಿಯೋಗೆ ಬಂದು ಕೂರುತ್ತಿದ್ದರು, ಒಂದೆರಡು ಸಾಲು ಹಾಡಿ ಹೋಗುತ್ತಿದ್ದರು. ಜಂಗಲ್ ಬ್ರದರ್ಸ್‌ನ 1988ರ ಮೊದಲ ಆಲ್ಬಂನಲ್ಲಿ, ಡಿ ಲಾ ಸೋಲ್‌ನ 1989ರ ಮೊದಲ ಆಲ್ಬಂನಲ್ಲಿ ಕ್ಯೂ-ಟಿಪ್‌ನ ದನಿ ಕೇಳುತ್ತದೆ. ಚಿನ್ನದ ದಪ್ಪ ಸರಗಳ ಬದಲು ಆಫ್ರಿಕದ ಮಣಿ, ಅಲ್ಲಿನ ಬಣ್ಣಬಣ್ಣದ ಅಂಗಿಗಳು ಈ ಬಳಗದ ಉಡುಗೆಯಾದವು. ತಮ್ಮ ಬೇರು ಆಫ್ರಿಕದಲ್ಲಿದೆ ಎಂಬ ಅರಿವನ್ನು ಅವರು ಕೋಪದಿಂದಲ್ಲ, ಹಬ್ಬದಂತೆ ಹಾಡಿದರು. ಹಿಪ್ ಹಾಪ್‌ನಲ್ಲಿ ಎದುರಾಳಿಯನ್ನು ಮಣಿಸುವುದೇ ಮುಖ್ಯವಾಗಿದ್ದ ಕಾಲದಲ್ಲಿ ಹೀಗೆ ಒಬ್ಬರನ್ನೊಬ್ಬರು ಪೋಷಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಗೆಫೆನ್ ಕಂಪನಿಗಾಗಿ ಮಾಡಿಕೊಟ್ಟ ಮಾದರಿ ಮುದ್ರಿಕೆಯಿಂದ ಒಪ್ಪಂದ ಹುಟ್ಟಲಿಲ್ಲ. ಆಮೇಲೆ ಜೈವ್ ರೆಕಾರ್ಡ್ಸ್ ತಂಡವನ್ನು ಸೇರಿಸಿಕೊಂಡಿತು. ಮೊದಲ ಆಲ್ಬಂ 'ಪೀಪಲ್ಸ್ ಇನ್‌ಸ್ಟಿಂಕ್ಟಿವ್ ಟ್ರಾವೆಲ್ಸ್ ಅಂಡ್ ದ ಪಾತ್ಸ್ ಆಫ್ ರಿದಮ್' 1990ರ ಏಪ್ರಿಲ್‌ನಲ್ಲಿ ಬಂತು. ಆಗ ಇವರಿಗೆ ಹತ್ತೊಂಬತ್ತು, ಇಪ್ಪತ್ತರ ವಯಸ್ಸು. ಹಾಡುಗಳ ವಿಷಯಗಳೂ ಆ ವಯಸ್ಸಿನವೇ: ಪ್ರವಾಸ ಹೋದಲ್ಲಿ ಪರ್ಸ್ ಮರೆತುಬಂದ ಹುಡುಗ, ಮನಸೆಳೆದ ಹುಡುಗಿ, ಫ್ರಾನ್ಸಿನಿಂದ ಬಂದ ಗೆಳೆಯ, ಮಾಂಸದೂಟ ಬೇಡವೆನ್ನುವ ತಮಾಷೆಯ ಆಹಾರಚರ್ಚೆ. ಇಂಥ ದಿನನಿತ್ಯದ ವಿಷಯಗಳಿಂದಲೂ ರ‍್ಯಾಪ್ ಕಟ್ಟಬಹುದು ಎಂಬುದು ಆಗ ಹಲವರಿಗೆ ಹೊಸ ಸಂಗತಿ. ಹಿಪ್ ಹಾಪ್‌ನ ಪ್ರಮುಖ ಪತ್ರಿಕೆ 'ದ ಸೋರ್ಸ್' ಇದಕ್ಕೆ ತನ್ನ ಅತ್ಯುನ್ನತ ಶ್ರೇಯಾಂಕವಾದ ಐದು ಮೈಕುಗಳನ್ನು ಕೊಟ್ಟಿತು. ಆದರೂ ಇದು ಬಹುಮಟ್ಟಿಗೆ ಕ್ಯೂ-ಟಿಪ್ ಒಬ್ಬನ ಆಲ್ಬಂ. ಫೈಫ್ ಕೇಳಿಬರುವುದು ಕೆಲವೇ ಹಾಡುಗಳಲ್ಲಿ. ಅವನಿಗಿನ್ನೂ ಸಂಗೀತಕ್ಕಿಂತ ಆಟದ ಮೈದಾನದ ಮೇಲೇ ಒಲವು.

ಇದೇ ಆಲ್ಬಂನ 'ಕ್ಯಾನ್ ಐ ಕಿಕ್ ಇಟ್?' ಹಾಡಿನ ಬೆನ್ನೆಲುಬಾಗಿ ನಿಂತದ್ದು ಲೂ ರೀಡ್‌ನ 1972ರ ಪ್ರಸಿದ್ಧ ರಾಕ್ ಗೀತೆಯ ಬೇಸ್ ನುಡಿ. ಅದನ್ನು ಬಳಸಲು ರೀಡ್ ಒಪ್ಪಿದ, ಆದರೆ ಹಾಡಿನ ಗೌರವಧನವೆಲ್ಲ ತನಗೇ ಸಲ್ಲಬೇಕೆಂಬ ಷರತ್ತಿನ ಮೇಲೆ. ತಂಡದ ಅತಿ ಜನಪ್ರಿಯ ಹಾಡುಗಳಲ್ಲೊಂದು ಅವರಿಗೆ ಆ ಬಾಬ್ತಿನಲ್ಲಿ ಹಣ ತಂದುಕೊಡಲಿಲ್ಲ. ಸ್ಯಾಂಪ್ಲಿಂಗ್, ಅಂದರೆ ಹಳೆಯ ಧ್ವನಿಮುದ್ರಿಕೆಯ ತುಣುಕು ತೆಗೆದು ಹೊಸ ಹಾಡಿನಲ್ಲಿ ಹೆಣೆಯುವ ವಿದ್ಯೆ, ಆವರೆಗೆ ಕಾನೂನಿನ ಕಣ್ಣಿಗೆ ಅಷ್ಟಾಗಿ ಬಿದ್ದಿರಲಿಲ್ಲ. 1991ರ ಡಿಸೆಂಬರ್‌ನಲ್ಲಿ ರ‍್ಯಾಪರ್ ಬಿಜ್ ಮಾರ್ಕಿಯ ವಿರುದ್ಧ ನ್ಯೂಯಾರ್ಕ್‌ನ ನ್ಯಾಯಾಲಯ ಕೊಟ್ಟ ತೀರ್ಪಿನ ನಂತರ ಪ್ರತಿ ತುಣುಕಿಗೂ ಮಾಲೀಕರ ಅನುಮತಿ ಪಡೆಯುವುದು ಅನಿವಾರ್ಯವಾಯಿತು. ಒಂದೇ ಹಾಡಿನಲ್ಲಿ ಹತ್ತಾರು ಮುದ್ರಿಕೆಗಳನ್ನು ಪೇರಿಸುವ ಶೈಲಿ ದುಬಾರಿಯಾಯಿತು. ಆಯ್ದ ಕೆಲವೇ ತುಣುಕುಗಳಿಂದ ಹೆಚ್ಚಿನ ಪರಿಣಾಮ ತೆಗೆಯುವ ಕಡೆಗೆ ಈ ತಂಡ ಆ ಹೊತ್ತಿಗಾಗಲೇ ಹೊರಳಿತ್ತು.

ಆ ಕೆಲಸದ ರೀತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆ ಕಾಲದ ನ್ಯೂಯಾರ್ಕ್ ನಿರ್ಮಾಪಕರ ಮುಖ್ಯ ಸಾಧನ ಇ-ಮ್ಯೂ ಕಂಪನಿಯ ಎಸ್‌ಪಿ-1200 ಎಂಬ ಯಂತ್ರ. ಅದರ ನೆನಪಿನಲ್ಲಿ ಹಿಡಿಯುತ್ತಿದ್ದದ್ದು ಒಟ್ಟು ಹತ್ತು ಸೆಕೆಂಡುಗಳಷ್ಟು ಧ್ವನಿ. ತಟ್ಟೆಯನ್ನು ವೇಗವಾಗಿ ತಿರುಗಿಸಿ ಧ್ವನಿ ತುಂಬಿಸಿ, ಆಮೇಲೆ ಯಂತ್ರದಲ್ಲಿ ವೇಗ ತಗ್ಗಿಸಿದರೆ ಆ ಹತ್ತು ಸೆಕೆಂಡುಗಳಲ್ಲಿ ಇನ್ನಷ್ಟು ಹಿಡಿಸಬಹುದಿತ್ತು. ಹಾಗೆ ಮಾಡಿದಾಗ ನಾದಕ್ಕೆ ಒಂದು ಒರಟು, ಬೆಚ್ಚನೆಯ ಗುಣ ತಾನಾಗಿ ಬರುತ್ತಿತ್ತು. ಡ್ರಮ್ ಒಂದು ತಟ್ಟೆಯದು, ಬೇಸ್ ಇನ್ನೊಂದರದು, ಅದರ ಮೇಲೆ ಸ್ಯಾಕ್ಸೊಫೋನಿನ ಒಂದು ಎಳೆ ಮೂರನೆಯದರಿಂದ. ಮೂರೂ ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಶ್ರುತಿಯಲ್ಲಿ ಮುದ್ರಿತವಾದವು. ಅವು ಒಂದೇ ಕೋಣೆಯಲ್ಲಿ ಕೂತು ನುಡಿಸಿದಂತೆ ಕೇಳಬೇಕಾದರೆ ಶ್ರುತಿ, ವೇಗ ಎರಡನ್ನೂ ಹೊಂದಿಸಬೇಕು. ತಟ್ಟೆಯ ಮೇಲ್ಸ್ತರದ ಸದ್ದನ್ನು ಸೋಸಿ ತೆಗೆದು, ಕೆಳಗಿನ ಗಂಭೀರ ನಾದವನ್ನಷ್ಟೇ ಉಳಿಸಿಕೊಳ್ಳುವ ಉಪಾಯವನ್ನು ಈ ತಂಡ ಬಹಳ ಚೆನ್ನಾಗಿ ಬಳಸಿತು. ಕ್ಯೂ-ಟಿಪ್‌ಗೆ ಈ ಯಂತ್ರದ ಒಳಗುಟ್ಟು ತೋರಿಸಿಕೊಟ್ಟವನು ಕ್ವೀನ್ಸ್‌ನವನೇ ಆದ ಲಾರ್ಜ್ ಪ್ರೊಫೆಸರ್.

1991ರ ಸೆಪ್ಟೆಂಬರ್ 24ರಂದು ಬಂದ ಎರಡನೆಯ ಆಲ್ಬಂ 'ದ ಲೋ ಎಂಡ್ ಥಿಯರಿ' ಈ ವಿಧಾನದ ಶಿಖರ. ಹೆಸರೇ ಸೂಚಿಸುವಂತೆ ಇಲ್ಲಿ ಎಲ್ಲವೂ ನಿಂತಿರುವುದು ಮಂದ್ರದ ಮೇಲೆ. ಮೊದಲ ಹಾಡು 'ಎಕ್ಸ್‌ಕರ್ಷನ್ಸ್' ಶುರುವಾಗುವುದು ಆರ್ಟ್ ಬ್ಲೇಕಿಯ ಜಾಝ್ ತಂಡದ ಮುದ್ರಿಕೆಯಿಂದ ತೆಗೆದ ಬೇಸ್ ನುಡಿಯಿಂದ. ಅದು ಒಂಟಿಯಾಗಿ ನುಡಿಯುತ್ತಿರುವಾಗಲೇ ಕ್ಯೂ-ಟಿಪ್ ಮಾತು ಆರಂಭಿಸುತ್ತಾನೆ. ಮನೆಯಲ್ಲಿ ತಂದೆಯೊಡನೆ ಸಂಗೀತದ ಬಗ್ಗೆ ನಡೆದ ಮಾತುಕತೆಯೇ ಆ ಮೊದಲ ಚರಣದ ವಿಷಯ; ತಂದೆ ಕೇಳಿದ ಬಿಬಾಪ್ ಜಾಝ್‌ಗೂ ಮಗ ಹಾಡುವ ಹಿಪ್ ಹಾಪ್‌ಗೂ ನಂಟಿದೆ ಎಂಬುದು ಅದರ ವಾದ. ಡ್ರಮ್ ಬರುವುದು ಆಮೇಲೆ. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ಧೈರ್ಯವಾಗಿ ಆರಂಭವಾಗುವ ರ‍್ಯಾಪ್ ಆಲ್ಬಂಗಳು ವಿರಳ.

ಬೇಸ್‌ಗೆ ಬರೀ ತುಣುಕುಗಳು ಸಾಲವೆನಿಸಿದಾಗ ತಂಡ ರಾನ್ ಕಾರ್ಟರ್ ಅವರನ್ನೇ ಕರೆಯಿತು. ಅರವತ್ತರ ದಶಕದಲ್ಲಿ ಮೈಲ್ಸ್ ಡೇವಿಸ್‌ನ ಐವರ ತಂಡದಲ್ಲಿ ಡಬಲ್ ಬೇಸ್ ನುಡಿಸಿದ್ದ ಕಾರ್ಟರ್ ಜಾಝ್ ಲೋಕದ ಹಿರಿಯರು. ಹಾಡಿನಲ್ಲಿ ಕೆಟ್ಟ ಬೈಗುಳ ಇರಬಾರದೆಂದು ಕೇಳಿಕೊಂಡೇ ಅವರು ಒಪ್ಪಿದರು, 'ವರ್ಸಸ್ ಫ್ರಮ್ ದಿ ಆಬ್‌ಸ್ಟ್ರಾಕ್ಟ್' ಹಾಡಿಗೆ ನುಡಿಸಿದರು. ಆಲ್ಬಂನ ನಾದ ಇಷ್ಟು ನಿಚ್ಚಳವಾಗಿರುವುದರಲ್ಲಿ ಧ್ವನಿ ಎಂಜಿನಿಯರ್ ಬಾಬ್ ಪವರ್ ಅವರ ಪಾಲು ದೊಡ್ಡದು. ಸಂಗೀತವನ್ನು ಶಾಸ್ತ್ರೀಯವಾಗಿ ಕಲಿತಿದ್ದ ಪವರ್ ಹಳೆಯ ತಟ್ಟೆಗಳ ಗೊರಗೊರ ಸದ್ದನ್ನು ಶುದ್ಧಗೊಳಿಸಿ, ಪ್ರತಿ ಪದರವೂ ಬೇರೆಯಾಗಿ ಕೇಳುವಂತೆ, ಆದರೂ ಒಂದಕ್ಕೊಂದು ಅಂಟಿಕೊಂಡಿರುವಂತೆ ಹೊಂದಿಸಿದರು. ಕಿವಿಗಡಚಿಕ್ಕುವ ಸದ್ದಿನ ಗೋಡೆ ಕಟ್ಟುತ್ತಿದ್ದ ಕಾಲದಲ್ಲಿ ಈ ಆಲ್ಬಂ ವಾದ್ಯಗಳ ನಡುವೆ ಬಿಡುವು ಬಿಟ್ಟಿತು, ದನಿಗಳಿಗೆ ಉಸಿರಾಡಲು ಜಾಗ ಸಿಕ್ಕಿತು.

ಆ ಜಾಗವನ್ನು ತುಂಬಿದ್ದು ಇಬ್ಬರು. ಫೈಫ್ ಡಾಗ್ ಈ ಆಲ್ಬಂನಲ್ಲಿ ನಿಜವಾಗಿ ಹುಟ್ಟಿದ ಎನ್ನಬಹುದು. 1990ರಲ್ಲಿ ಅವನಿಗೆ ಮಧುಮೇಹವಿರುವುದು ಪತ್ತೆಯಾಗಿತ್ತು. ಕ್ಯೂ-ಟಿಪ್ ಅವನನ್ನು ಒತ್ತಾಯಿಸಿ ಸ್ಟುಡಿಯೋಗೆ ಎಳೆತಂದ, ಹೆಚ್ಚು ಬರೆಯುವಂತೆ ಮಾಡಿದ. 'ಬಟರ್' ಎಂಬ ಇಡೀ ಹಾಡು ಫೈಫ್ ಒಬ್ಬನದೇ. ಇಬ್ಬರ ಸ್ವಭಾವ ತದ್ವಿರುದ್ಧ. ಕ್ಯೂ-ಟಿಪ್‌ನದು ಮೂಗಿನಿಂದ ಹೊರಡುವ ಮೆದು ದನಿ, ಸುತ್ತು ಬಳಸಿ ಸಾಗುವ ಆಲೋಚನೆ. ಅವನು ತನ್ನನ್ನು ಅಮೂರ್ತವಾದಿ ಎಂದು ಕರೆದುಕೊಂಡ. ಫೈಫ್‌ನದು ಏರುದನಿ, ನೇರ ಮಾತು, ಬ್ಯಾಸ್ಕೆಟ್‌ಬಾಲ್ ಆಟಗಾರರ ಹೆಸರುಗಳು, ತನ್ನ ಐದಡಿ ಮೂರಂಗುಲದ ಎತ್ತರದ ಬಗ್ಗೆ ಹೆಮ್ಮೆಯ ಹಾಸ್ಯ. ಒಬ್ಬ ಮುಗಿಸಿದ ಪ್ರಾಸದ ತುದಿ ಹಿಡಿದು ಇನ್ನೊಬ್ಬ ಮುಂದುವರಿಸುವ 'ಚೆಕ್ ದ ರೈಮ್' ಹಾಡನ್ನು ಕೇಳಿದರೆ ಲಿಂಡನ್ ಬೂಲವರ್ಡ್‌ನ ಮೂಲೆಯಲ್ಲಿ ಬಾಲ್ಯದಿಂದ ನಡೆದುಬಂದ ಹರಟೆಗೆ ತಾಳ ಕೂಡಿಸಿದಂತಿದೆ. ಕುಶಲ ವಾದ್ಯಗಾರರ ಸವಾಲು-ಜವಾಬಿನಲ್ಲಿರುವ ಹುರುಪು ಇಲ್ಲಿ ಮಾತಿನಲ್ಲೇ ಸಿಗುತ್ತದೆ. ಯಾರು ಮೇಲು ಎಂಬ ಪ್ರಶ್ನೆ ಏಳುವುದೇ ಇಲ್ಲ.

ಕೊನೆಯ ಹಾಡು 'ಸಿನಾರಿಯೊ' ಮಾತ್ರ ಗದ್ದಲದ್ದು, ಮತ್ತು ಆ ಗದ್ದಲ ಸೊಗಸಾದುದು. ಲೀಡರ್ಸ್ ಆಫ್ ದ ನ್ಯೂ ಸ್ಕೂಲ್ ತಂಡದ ಮೂವರು ಇಲ್ಲಿ ಜೊತೆಯಾಗುತ್ತಾರೆ. ಅವರಲ್ಲಿ ಕಡೆಗೆ ಬಂದು ಗುಡುಗುವ ಹತ್ತೊಂಬತ್ತರ ಹುಡುಗ ಬಸ್ಟಾ ರೈಮ್ಸ್ ಇದರಿಂದಲೇ ಮನೆಮಾತಾದ. ವಸ್ತುವಿನಲ್ಲೂ ಆಲ್ಬಂ ಬೆಳೆದಿತ್ತು: ಕಲಾವಿದರನ್ನು ವಂಚಿಸುವ ಸಂಗೀತೋದ್ಯಮ, ಹಣ ಕೊಡದ ಕಾರ್ಯಕ್ರಮ ಸಂಘಟಕರು ಹಾಡಿಗೆ ವಿಷಯಗಳಾದರು. ಹೆಣ್ಣಿನ ಬಗೆಗಿನ ಮಾತುಗಳಲ್ಲಿ ಇವರು ಎಲ್ಲೆಡೆಯೂ ತಮ್ಮ ಕಾಲವನ್ನು ಮೀರಿದ್ದರೆಂದು ಹೇಳಲಾಗದು; ಡೇಟಿಂಗ್‌ನಲ್ಲಿ ನಡೆಯುವ ಅತ್ಯಾಚಾರದ ಬಗ್ಗೆ ಇರುವ ಹಾಡಿನ ಧೋರಣೆ ಇಂದು ಕೇಳುವಾಗ ಕಸಿವಿಸಿ ಹುಟ್ಟಿಸುತ್ತದೆ. ಈ ಹೊತ್ತಿಗೆ ಜರೋಬಿ ವೈಟ್ ಅಡುಗೆಯ ವಿದ್ಯೆ ಕಲಿಯಲೆಂದು ತಂಡ ಬಿಟ್ಟಿದ್ದ, ಮುಂದೆ ಬಾಣಸಿಗನಾಗಿ ದುಡಿದ. ಆಲ್ಬಂ ಕೆಲವೇ ತಿಂಗಳಲ್ಲಿ, 1992ರ ಆರಂಭದಲ್ಲಿ, ಐದು ಲಕ್ಷ ಪ್ರತಿಗಳ ಮಾರಾಟದ ಗೋಲ್ಡ್ ಮನ್ನಣೆ ಪಡೆಯಿತು. 1995ರಲ್ಲಿ ಹತ್ತು ಲಕ್ಷದ ಪ್ಲಾಟಿನಂ ದಾಟಿತು.

ಮೂರನೆಯ ಆಲ್ಬಂ 'ಮಿಡ್‌ನೈಟ್ ಮರಾಡರ್ಸ್' 1993ರ ನವೆಂಬರ್ 9ರಂದು ಬಿಡುಗಡೆಯಾಯಿತು. ಅದೇ ದಿನ ನ್ಯೂಯಾರ್ಕ್‌ನ ಇನ್ನೊಂದು ತಂಡ ವು-ಟ್ಯಾಂಗ್ ಕ್ಲಾನ್‌ನ ಮೊದಲ ಆಲ್ಬಂ ಕೂಡ ಹೊರಬಂತು. ಒಂದು ನಯ, ಇನ್ನೊಂದು ಕರಕಲು. ಹಿಪ್ ಹಾಪ್‌ನ ಎರಡು ದೊಡ್ಡ ಕೃತಿಗಳು ಒಂದೇ ದಿನ ಅಂಗಡಿಗೆ ಬಂದ ಆ ದಿನಾಂಕವನ್ನು ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ. ಮುಖಪುಟದಲ್ಲಿ ಹಿಪ್ ಹಾಪ್ ಲೋಕದ ಹತ್ತಾರು ಕಲಾವಿದರ ಮುಖಗಳನ್ನು ಜೋಡಿಸಲಾಗಿದೆ, ಬಳಗ ಕಟ್ಟುವ ಹಳೆಯ ಅಭ್ಯಾಸದ ಮುಂದುವರಿಕೆಯಾಗಿ. ಹಾಡುಗಳ ನಡುವೆ ಯಾಂತ್ರಿಕ ದನಿಯ ಮಾರ್ಗದರ್ಶಿಯೊಬ್ಬಳು ಬಂದು ಕೇಳುಗರನ್ನು ಮುಂದಕ್ಕೆ ಕರೆದೊಯ್ಯುತ್ತಾಳೆ. ದಕ್ಷಿಣ ಆಫ್ರಿಕದ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬಿಕೊ ಹೆಸರು ಹೊತ್ತ ಹಾಡಿನಿಂದ ಆಲ್ಬಂ ತೆರೆದುಕೊಳ್ಳುತ್ತದೆ.

ಹಿಂದಿನ ಆಲ್ಬಂನ ಬಿಗಿ ಕಟ್ಟಿಗೆ ಇಲ್ಲಿ ಬಣ್ಣ ಸೇರಿತು. ಡ್ರಮ್ ಏಟುಗಳು ಗಟ್ಟಿಯಾದವು, ಫಂಕ್ ಮತ್ತು ಸೋಲ್ ಸಂಗೀತದ ಪಾಲು ಹೆಚ್ಚಿತು. ಜಾಝ್ ಆರ್ಗನ್ ವಾದಕ ರಾನಿ ಫಾಸ್ಟರ್‌ನ 'ಮಿಸ್ಟಿಕ್ ಬ್ರೂ' ಕೃತಿಯ ತುಣುಕಿನ ಮೇಲೆ ಕಟ್ಟಿದ 'ಎಲೆಕ್ಟ್ರಿಕ್ ರಿಲ್ಯಾಕ್ಸೇಷನ್' ಇದಕ್ಕೆ ಒಳ್ಳೆಯ ಉದಾಹರಣೆ. ಆ ತುಣುಕು ಮೂರು ಅಳತೆಗಳಿಗೆ ಮರಳುತ್ತದೆ; ಪಾಪ್ ಮತ್ತು ಹಿಪ್ ಹಾಪ್‌ನಲ್ಲಿ ರೂಢಿಯಾದ ಎರಡು ಅಥವಾ ನಾಲ್ಕು ಅಳತೆಗಳ ಆವರ್ತನೆಗೆ ಒಗ್ಗಿದ ಕಿವಿಗೆ ಅದು ಸದಾ ಒಂದು ಹೆಜ್ಜೆ ಮೊದಲೇ ಮರಳಿಬಂದಂತೆ ಅನಿಸುತ್ತದೆ. ಹಾಡು ತೂಗುತ್ತಲೇ ಇರುತ್ತದೆ, ಎಲ್ಲೂ ಊರಿ ನಿಲ್ಲುವುದಿಲ್ಲ. ಇಬ್ಬರ ಮಾತು ಈ ತೂಗಾಟದ ಮೇಲೆ ಎಳ್ಳಷ್ಟೂ ತಡವರಿಸದೆ ಸಾಗುವುದು ಅವರ ಲಯಜ್ಞಾನಕ್ಕೆ ಸಾಕ್ಷಿ. ಡಿ ಲಾ ಸೋಲ್‌ನ ಟ್ರುಗಾಯ್ ಪಲ್ಲವಿ ಹಾಡಿದ 'ಅವಾರ್ಡ್ ಟೂರ್' ಜನಪ್ರಿಯವಾಯಿತು. ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೆ ಏರಿತು. ಎರಡನೆಯದು ಮೇಲೋ ಮೂರನೆಯದು ಮೇಲೋ ಎಂಬ ಚರ್ಚೆ ಅಭಿಮಾನಿಗಳಲ್ಲಿ ಮೂರು ದಶಕಗಳಿಂದ ನಡೆದಿದೆ. ಹೊಸ ದಾರಿ ತೆರೆದದ್ದು ಎರಡನೆಯದು. ಆ ದಾರಿಯಲ್ಲಿ ಅತ್ಯಂತ ಸರಾಗವಾಗಿ ನಡೆದದ್ದು ಮೂರನೆಯದು.

1994ರಲ್ಲಿ ಲೊಲ್ಲಪಲೂಜಾ ಸಂಗೀತೋತ್ಸವದ ಪ್ರವಾಸ ಡೆಟ್ರಾಯ್ಟ್‌ಗೆ ಬಂದಾಗ ಕ್ಯೂ-ಟಿಪ್‌ಗೆ ಜೇಮ್ಸ್ ಯಾನ್ಸಿ ಎಂಬ ಯುವಕನ ಕ್ಯಾಸೆಟ್ ಸಿಕ್ಕಿತು. ಮುಂದೆ ಜೆ ಡಿಲ್ಲಾ ಎಂದು ಹೆಸರಾದವನು ಈತ. ಕ್ಯೂ-ಟಿಪ್, ಅಲಿ, ಡಿಲ್ಲಾ ಸೇರಿ ಉಮ್ಮಾ ಎಂಬ ನಿರ್ಮಾಣ ಕೂಟ ಕಟ್ಟಿದರು. ಡ್ರಮ್ ಏಟನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸಿ ಯಂತ್ರದ ಲಯಕ್ಕೆ ಮನುಷ್ಯನ ಕೈಯ ಅಲುಗಾಟ ತಂದ ಡಿಲ್ಲಾ 2006ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರೂ ಇಂದಿನ ಹಿಪ್ ಹಾಪ್, ಜಾಝ್ ಎರಡರ ಮೇಲೂ ಅವನ ಗುರುತಿದೆ. 1996ರ 'ಬೀಟ್ಸ್, ರೈಮ್ಸ್ ಅಂಡ್ ಲೈಫ್' ಈ ಕೂಟದ ಮೊದಲ ದೊಡ್ಡ ಕೆಲಸ. ಅದು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇ ಏರಿತು. ಆದರೆ ಒಳಗೆ ಹಾಡಿನ ಗೆಳೆತನ ಸವೆದಿತ್ತು. ಫೈಫ್ ಅಟ್ಲಾಂಟಾಗೆ ಮನೆ ಬದಲಿಸಿದ್ದ. ಕ್ಯೂ-ಟಿಪ್ ಹೊಸದಾಗಿ ಸ್ವೀಕರಿಸಿದ ಇಸ್ಲಾಂ ಅವನನ್ನು ಅಲಿಗೆ ಹತ್ತಿರ ತಂದಿತ್ತು. ಕ್ಯೂ-ಟಿಪ್‌ನ ದಾಯಾದಿ ಕಾನ್ಸಿಕ್ವೆನ್ಸ್ ಹಲವು ಹಾಡುಗಳಲ್ಲಿ ಫೈಫ್‌ನ ಪಕ್ಕದಲ್ಲಿ ನಿಂತಿದ್ದ. ತಾನು ಹೊರಗಿನವನಾದೆ ಎಂಬ ನೋವನ್ನು ಫೈಫ್ ಮುಂದೆ ಹೇಳಿಕೊಂಡ. ಕೇಳುವವರಿಗೂ ಅದು ತಿಳಿಯುತ್ತದೆ: ಸಂಗೀತ ಹದವಾಗಿದೆ, ಆದರೆ ಇಬ್ಬರೂ ಸರದಿಯ ಮೇಲೆ ತಮ್ಮ ಭಾಗ ಮುಗಿಸಿ ಹೋಗುತ್ತಾರೆ, ಪರಸ್ಪರ ಮಾತಾಡುವುದು ಅಪರೂಪ.

1998ರಲ್ಲಿ ಕ್ಯೂ-ಟಿಪ್‌ನ ಮನೆಯ ಸ್ಟುಡಿಯೋಗೆ ಬೆಂಕಿ ಬಿದ್ದು, ವರ್ಷಗಳಿಂದ ಕೂಡಿಟ್ಟ ಸಾವಿರಾರು ತಟ್ಟೆಗಳು ಸುಟ್ಟುಹೋದವು. ಬಿಡುಗಡೆಗೆ ಮೊದಲೇ ವಿದಾಯದ ಕೃತಿಯೆಂದು ಸಾರಿದ್ದ 'ದ ಲವ್ ಮೂವ್‌ಮೆಂಟ್' ಅದೇ ವರ್ಷ ಸೆಪ್ಟೆಂಬರ್ 29ರಂದು ಬಂತು. ಪ್ರೀತಿಯ ಹಲವು ಮುಖಗಳನ್ನು ಕುರಿತ ಈ ಆಲ್ಬಂನಲ್ಲಿ 'ಫೈಂಡ್ ಎ ವೇ' ಎಂಬ ಒಂದು ಅಪ್ಪಟ ಹಾಡಿದೆ; ಉಳಿದವುಗಳಲ್ಲಿ ಹಿತವಿದೆ, ಹಸಿವಿಲ್ಲ.

ಅಲ್ಲಿಂದ ಮುಂದೆ ಪ್ರತ್ಯೇಕ ದಾರಿಗಳು. ಕ್ಯೂ-ಟಿಪ್ 1999ರಲ್ಲಿ 'ಆಂಪ್ಲಿಫೈಡ್', 2008ರಲ್ಲಿ 'ದ ರಿನೈಸಾನ್ಸ್' ಎಂಬ ಒಂಟಿ ಆಲ್ಬಂಗಳನ್ನು ಹೊರತಂದ. ಫೈಫ್‌ನ 'ವೆಂಟಿಲೇಷನ್' 2000ದಲ್ಲಿ ಬಂತು. ಅಲಿ, ಗಾಯಕ ರಫಾಯಲ್ ಸಾದಿಕ್ ಮತ್ತು ಗಾಯಕಿ ಡಾನ್ ರಾಬಿನ್ಸನ್ ಜೊತೆ ಲೂಸಿ ಪರ್ಲ್ ತಂಡ ಕಟ್ಟಿದ. ನಡುನಡುವೆ ವೇದಿಕೆಯ ಮೇಲೆ ಒಟ್ಟಾಗುತ್ತಿದ್ದರು, ಅದಕ್ಕೆ ಬಹುಪಾಲು ಕಾರಣ ಫೈಫ್‌ನ ಚಿಕಿತ್ಸೆಯ ಖರ್ಚು. ಮಧುಮೇಹ ಅವನ ಮೂತ್ರಪಿಂಡಗಳನ್ನು ಕೆಡಿಸಿತ್ತು. 2008ರಲ್ಲಿ ಹೆಂಡತಿ ತನ್ನ ಒಂದು ಮೂತ್ರಪಿಂಡವನ್ನು ಅವನಿಗೆ ಕೊಟ್ಟಳು. ನಟ ಮೈಕೆಲ್ ರಾಪಪೋರ್ಟ್ ನಿರ್ದೇಶಿಸಿದ 2011ರ ಸಾಕ್ಷ್ಯಚಿತ್ರ ಈ ಗೆಳೆತನದ ಬಿರುಕನ್ನು ಮುಚ್ಚುಮರೆಯಿಲ್ಲದೆ ತೋರಿಸಿತು. 2013ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾನ್ಯೆ ವೆಸ್ಟ್‌ನ ಕಛೇರಿಗಳಿಗೆ ಮುನ್ನ ಹಾಡಿ, ಇದೇ ಕೊನೆ ಎಂದರು.

ಕೊನೆಯಾಗಲಿಲ್ಲ. ಮೊದಲ ಆಲ್ಬಂನ ಇಪ್ಪತ್ತೈದು ವರ್ಷದ ನೆನಪಿಗೆ 2015ರ ನವೆಂಬರ್ 13ರಂದು ಜಿಮ್ಮಿ ಫ್ಯಾಲನ್‌ನ ಟಿ.ವಿ. ಕಾರ್ಯಕ್ರಮದಲ್ಲಿ ಜರೋಬಿಯೂ ಸೇರಿ ನಾಲ್ವರೂ ಹಾಡಿದರು. ಅದೇ ರಾತ್ರಿ ಪ್ಯಾರಿಸ್‌ನಲ್ಲಿ ಭಯೋತ್ಪಾದಕರ ದಾಳಿ ನಡೆದಿತ್ತು. ವೇದಿಕೆಯ ಮೇಲೆ ಮರುಕಳಿಸಿದ ಹುರುಪು, ಹೊರಗಿನ ಲೋಕದ ತಲ್ಲಣ ಎರಡೂ ಸೇರಿ ಇನ್ನೊಂದು ಆಲ್ಬಂ ಮಾಡಬೇಕೆಂಬ ನಿರ್ಧಾರ ಗಟ್ಟಿಯಾಯಿತು. ನ್ಯೂಜೆರ್ಸಿಯಲ್ಲಿರುವ ಕ್ಯೂ-ಟಿಪ್‌ನ ಮನೆಯ ಸ್ಟುಡಿಯೋದಲ್ಲಿ ಗುಟ್ಟಾಗಿ ಕೆಲಸ ಶುರುವಾಯಿತು. ದನಿಗಳನ್ನು ದೂರದಿಂದ ಕಳಿಸಿಕೊಳ್ಳುವ ಈ ಕಾಲದಲ್ಲಿ, ಹಾಡುವವರೆಲ್ಲ ಅಲ್ಲಿಗೇ ಬಂದು ಹಾಡಬೇಕೆಂಬುದು ಕ್ಯೂ-ಟಿಪ್‌ನ ಹಟ. ಫೈಫ್ ಡಯಾಲಿಸಿಸ್ ನಡುವೆಯೇ ಪ್ರಯಾಣ ಮಾಡಿ ಬಂದು ಹಾಡಿದ. 2016ರ ಮಾರ್ಚ್ 22ರಂದು, ಕೆಲಸ ಇನ್ನೂ ನಡೆದಿರುವಾಗಲೇ, ಅವನು ತೀರಿಕೊಂಡ. ವಯಸ್ಸು 45.

'ವಿ ಗಾಟ್ ಇಟ್ ಫ್ರಮ್ ಹಿಯರ್... ಥ್ಯಾಂಕ್ ಯು ಫಾರ್ ಯುವರ್ ಸರ್ವಿಸ್' ಬಿಡುಗಡೆಯಾದದ್ದು ಅದೇ ವರ್ಷ ನವೆಂಬರ್ 11ರಂದು, ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಗೆದ್ದ ಮೂರನೆಯ ದಿನ. ಹೆಸರಿಟ್ಟವನು ಫೈಫ್. ಕಪ್ಪು ಜನರು, ಮೆಕ್ಸಿಕನ್ನರು, ಮುಸ್ಲಿಮರು, ಬಡವರು, ಸಲಿಂಗಿಗಳು ದೇಶ ಬಿಟ್ಟುಹೋಗಲಿ ಎನ್ನುವವರ ಮಾತನ್ನೇ ಎತ್ತಿ ಅವರ ಮುಂದೆ ಹಿಡಿಯುವ 'ವಿ ದ ಪೀಪಲ್' ಆ ವಾರ ಅಮೆರಿಕದ ಅನೇಕರಿಗೆ ತಮ್ಮದೇ ದನಿಯಾಗಿ ಕೇಳಿಸಿತು. ಹಾಡು ಬರೆದದ್ದು ಫಲಿತಾಂಶಕ್ಕಿಂತ ಮೊದಲೇ. ಸಂಗೀತ ಹಳೆಯ ನೆನಪಿನ ಪ್ರತಿಯಲ್ಲ: ಜ್ಯಾಕ್ ವೈಟ್‌ನ ಗಿಟಾರ್, ಎಲ್ಟನ್ ಜಾನ್‌ನ ಪಿಯಾನೊ, ಕೆಂಡ್ರಿಕ್ ಲಮಾರ್, ಆಂಡ್ರೆ 3000, ಆಂಡರ್ಸನ್ ಪಾಕ್, ಬಸ್ಟಾ ರೈಮ್ಸ್ ಎಲ್ಲರಿಗೂ ಜಾಗವಿದೆ. ಅದುವರೆಗೆ ಹಿನ್ನೆಲೆಯಲ್ಲಿದ್ದ ಜರೋಬಿ ಇಲ್ಲಿ ಪೂರ್ಣ ಪ್ರಮಾಣದ ರ‍್ಯಾಪರ್. ಎಲ್ಲಕ್ಕಿಂತ ದೊಡ್ಡದು, ಇಪ್ಪತ್ತು ವರ್ಷ ನಿಂತುಹೋಗಿದ್ದ ಮಾತುಕತೆ ಮರಳಿದ್ದು. ಒಬ್ಬನ ವಾಕ್ಯದ ನಡುವೆ ಇನ್ನೊಬ್ಬ ನುಗ್ಗುತ್ತಾನೆ, ಪದ ಕಸಿದುಕೊಳ್ಳುತ್ತಾನೆ, ನಗುತ್ತಾನೆ. ಆಲ್ಬಂ ನೇರವಾಗಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಫೈಫ್ ಬೆಳೆದ ಲಿಂಡನ್ ಬೂಲವರ್ಡ್‌ನ ಒಂದು ಮೂಲೆಗೆ ಅದೇ ತಿಂಗಳು ನಗರಾಡಳಿತ ಅವನ ಹೆಸರಿಟ್ಟಿತು.

ತಂಡದ ಪ್ರಭಾವ ಹಲವು ಕವಲುಗಳಲ್ಲಿ ಹರಿದಿದೆ. ದ ರೂಟ್ಸ್, ಕಾಮನ್, ಮಾಸ್ ಡೆಫ್, ಕಾನ್ಯೆ ವೆಸ್ಟ್, ಫರೆಲ್ ವಿಲಿಯಮ್ಸ್ ಇವರೆಲ್ಲ ತಮ್ಮ ಸಾಲವನ್ನು ಒಪ್ಪಿಕೊಂಡವರು. ಸೂಕ್ಷ್ಮ ಮನಸ್ಸಿನ, ಓದುವ, ಅನುಮಾನಪಡುವ ಯುವಕನೂ ರ‍್ಯಾಪರ್ ಆಗಬಹುದೆಂಬ ಧೈರ್ಯ ಅವರಿಗೆ ಇಲ್ಲಿಂದ ಸಿಕ್ಕಿತು. ಪ್ರಭಾವ ಜಾಝ್ ಕಡೆಗೂ ತಿರುಗಿ ಹರಿಯಿತು. ಭಾರತೀಯ ಮೂಲದ ಅಮೆರಿಕನ್ ಪಿಯಾನೊ ವಾದಕ ವಿಜಯ್ ಅಯ್ಯರ್ ತಮ್ಮ 2009ರ 'ಹಿಸ್ಟಾರಿಸಿಟಿ' ಆಲ್ಬಂನಲ್ಲಿ ರಾನಿ ಫಾಸ್ಟರ್‌ನ 'ಮಿಸ್ಟಿಕ್ ಬ್ರೂ' ನುಡಿಸಿದರು. ಆ ಕೃತಿ ಹೊಸ ತಲೆಮಾರಿನ ಕಿವಿಗೆ ಬಿದ್ದಿದ್ದೇ ಈ ತಂಡದ ಹಾಡಿನ ಮೂಲಕ. 'ದ ಲೋ ಎಂಡ್ ಥಿಯರಿ'ಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2022ರಲ್ಲಿ ಸಂರಕ್ಷಿಸಬೇಕಾದ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ತಂಡಕ್ಕೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ಸಂದಿತು.

ಅಲಿ ಶಹೀದ್ ಮುಹಮ್ಮದ್ ಸಂಗೀತಗಾರ ಏಡ್ರಿಯನ್ ಯಂಗ್ ಜೊತೆಗೂಡಿ 'ಲೂಕ್ ಕೇಜ್' ಟಿ.ವಿ. ಸರಣಿಗೆ ಸಂಗೀತ ಕೊಟ್ಟ ಬಳಿಕ, ಜಾಝ್ ಈಸ್ ಡೆಡ್ ಎಂಬ ಹೆಸರಿನಲ್ಲಿ ಆಲ್ಬಂಗಳ ಸರಣಿಯನ್ನೇ ಆರಂಭಿಸಿದ. ಎಪ್ಪತ್ತರ ದಶಕದ ಹಿರಿಯ ವಾದಕರನ್ನು ಸ್ಟುಡಿಯೋಗೆ ಕರೆಸಿ, ಅವರೊಡನೆ ಕೂತು ಹೊಸ ಕೃತಿಗಳನ್ನು ಮುದ್ರಿಸುವುದು ಅದರ ಕೆಲಸ. ಹಾಗೆ ಬಂದವರಲ್ಲಿ ರಾಯ್ ಏಯರ್ಸ್ ಇದ್ದಾರೆ, ಅವರು ರೂಪಿಸಿದ ರ‍್ಯಾಂಪ್ ತಂಡದ ತುಣುಕು ಮೊದಲ ಆಲ್ಬಂನ 'ಬನೀಟಾ ಆಪಲ್‌ಬಮ್' ಹಾಡಿನಲ್ಲಿದೆ. ಸ್ಯಾಕ್ಸೊಫೋನ್ ವಾದಕ ಗ್ಯಾರಿ ಬಾರ್ಟ್ಜ್ ಇದ್ದಾರೆ, ಅವರ ನುಡಿಯ ಮೇಲೆ ಫೈಫ್ 1991ರಲ್ಲಿ 'ಬಟರ್' ಹಾಡಿದ್ದ.